ಮ್ಯಾಗ್ನಮ್ ಪುರಾಣ

ಕೋವಿ ಮಾರುವ ಅಂಗಡಿಗೆ ನಾನು ಮೊದಲ ಸಲ ಕಾಲಿಟ್ಟದ್ದು ಅರವತ್ತು ದಾಟಿದ ಮೇಲೆ, ಅದೂ ಅಮೆರಿಕದ ಟೆಕ್ಸಾಸಿನಲ್ಲಿ. 2016ರಲ್ಲಿ ಮಗಳ ಮನೆಗೆ ಹೋಗಿದ್ದೆ. ಆ ವಾರ ಎರಡು ಮನೆ ಆಚೆ ಕಳ್ಳತನವಾಯಿತು. ಅಲ್ಲಿಯ ಪೌರತ್ವ ಪಡೆದಿದ್ದ ಅಳಿಯಂದಿರು, "ಅತ್ತೆ, ಮನೆಯಲ್ಲಿ ಒಂದು ರಿವಾಲ್ವರ್ ಇರಲಿ ಅಂತ ನೋಡ್ತಿದೀನಿ" ಎಂದರು. ಮಗಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಸೀರೆ ಅಂಗಡಿಗೆ ಹೊರಟವಳ ಹಾಗೆ ನಾನೂ ಕಾರು ಹತ್ತಿದೆ.

ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿದ್ದವು. ಅಳಿಯಂದಿರ ಕಣ್ಣು .357 ಮ್ಯಾಗ್ನಮ್ ಮೇಲೆ ಬಿತ್ತು. 'ಮ್ಯಾಗ್ನಮ್' ಅಂದರೆ ಲ್ಯಾಟಿನ್ ಭಾಷೆಯಲ್ಲಿ ದೊಡ್ಡದು ಎಂದರ್ಥ. ದ್ರಾಕ್ಷಾರಸದ ದೊಡ್ಡ ಸೀಸೆಗೂ ಅದೇ ಹೆಸರು. ಇದಕ್ಕೆ ಆ ಹೆಸರು ಹೇಗೆ ಬಂತೆಂಬ ಕುತೂಹಲಕ್ಕೆ ಆಮೇಲೆ ಊರಿನ ಲೈಬ್ರರಿಯಲ್ಲಿ ಕೂತು ಓದಿದೆ.

1930ರ ದಶಕದಲ್ಲಿ ಅಲ್ಲಿಯ ದರೋಡೆಕೋರರು ಮೋಟಾರು ಕಾರುಗಳಲ್ಲಿ ಪರಾರಿಯಾಗುತ್ತಿದ್ದರು. ಪೊಲೀಸರ .38 ಸ್ಪೆಷಲ್ ಗುಂಡು ಕಾರಿನ ತಗಡಿಗೆ ಸಾಲುತ್ತಿರಲಿಲ್ಲ. ಹೀಗಾಗಿ 1935ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ .357 ಮ್ಯಾಗ್ನಮ್ ಹೊರತಂದಿತು. ಮೊದಲನೆಯದು ಎಫ್.ಬಿ.ಐ. ಮುಖ್ಯಸ್ಥ ಜೆ. ಎಡ್ಗರ್ ಹೂವರ್ ಕೈ ಸೇರಿತು. ಗುಂಡಿನ ದಪ್ಪ ಹಳೆಯದರಷ್ಟೇ. ತೋಟಾ ಮಾತ್ರ ಸುಮಾರು 3 ಮಿಲಿಮೀಟರು ಉದ್ದ. ಬಲವಾದ ತೋಟಾ ಹಳೆಯ ದುರ್ಬಲ ರಿವಾಲ್ವರಿನೊಳಗೆ ಹೋಗಿ ಅನಾಹುತವಾಗದಿರಲೆಂದು ಈ ಉಪಾಯ. ಆದರೆ ಸೌಮ್ಯವಾದ .38 ತೋಟಾ ಮ್ಯಾಗ್ನಮ್‌ನಲ್ಲಿ ಸಲೀಸಾಗಿ ಕೂರುತ್ತದೆ.

ಬೇಟೆಗಾರರಿಗೆ ಅದೂ ಸಾಲಲಿಲ್ಲ. ಐಡಾಹೋದ ದನಗಾಹಿ ಎಲ್ಮರ್ ಕೀತ್ ಎಂಬಾತ ವರ್ಷಗಟ್ಟಲೆ ತನ್ನ ಕೈಯಾರೆ ಮದ್ದು ತುಂಬಿ ಪ್ರಯೋಗ ಮಾಡಿದ. ಅದರ ಫಲವಾಗಿ 1955ರಲ್ಲಿ .44 ಮ್ಯಾಗ್ನಮ್ ಸಿದ್ಧವಾಯಿತು. ಅದು ಜಿಂಕೆ, ಕರಡಿಯನ್ನು ಉರುಳಿಸುವಂಥದ್ದು. 1971ರ 'ಡರ್ಟಿ ಹ್ಯಾರಿ' ಸಿನಿಮಾದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಹಿಡಿದ ಮೇಲೆ ಕಾಡು ಕಾಣದವರೂ ಅದನ್ನೇ ಕೇಳತೊಡಗಿದರಂತೆ. ನಮ್ಮಲ್ಲಿ ಸಿನಿಮಾ ನೋಡಿ ಸೀರೆ ಕೇಳುವುದಿಲ್ಲವೆ, ಹಾಗೆ!

ಅಂಗಡಿಯ ಮುದುಕ ಬಲು ತಾಳ್ಮೆಯವನು. ಗುರಿ ಅಭ್ಯಾಸಕ್ಕೆ ಚಪ್ಪಟೆ ಮೂತಿಯ .38 ಸಾಕು, ಕಾಗದದಲ್ಲಿ ನೀಟಾದ ದುಂಡನೆ ತೂತು ಬೀಳುತ್ತದೆ, ಎಣಿಸುವುದು ಸುಲಭ ಎಂದ. ಬೇಟೆಗೆ ಮ್ಯಾಗ್ನಮ್ ಸರಿ. ಮನೆಯ ರಕ್ಷಣೆಗಾದರೆ ಮ್ಯಾಗ್ನಮ್ ರಿವಾಲ್ವರಿಗೂ .38 ತೋಟಾ ಹಾಕುವವರೇ ಹೆಚ್ಚು ಎಂದ. ಮುಚ್ಚಿದ ಕೋಣೆಯಲ್ಲಿ ಮ್ಯಾಗ್ನಮ್ ಸಿಡಿದರೆ ಕಣ್ಣು ಕತ್ತಲೆ, ಕಿವಿ ಗುಂಯ್; ಎರಡನೆಯ ಗುರಿಯ ಮಾತೇ ಇಲ್ಲ.

ಮಗಳ ಕೈಗೆ ಅಂಗೈಯಗಲದ ಒಂದು ರಿವಾಲ್ವರ್ ಕೊಟ್ಟ. ಹಗುರ, ಮುದ್ದಾಗಿತ್ತು. ಹೆಂಗಸರಿಗಾಗಿ ಅದೇ ಸ್ಮಿತ್ ಅಂಡ್ ವೆಸನ್ 1902ರಲ್ಲೇ 'ಲೇಡಿಸ್ಮಿತ್' ಎಂಬ ಪುಟ್ಟದೊಂದನ್ನು ಮಾಡಿತ್ತು. 1989ರಲ್ಲಿ ಆ ಹೆಸರನ್ನು ಮತ್ತೆ ಬಳಕೆಗೆ ತಂದಿತು. ಆದರೆ ಹಗುರವಾದದ್ದೇ ಕೈಗೆ ಹೆಚ್ಚು ಒದೆಯುತ್ತದೆ, ಭಾರವಾದದ್ದು ಏಟನ್ನು ತಾನೇ ನುಂಗಿಕೊಳ್ಳುತ್ತದೆ ಎಂದು ಮುದುಕ ಎಚ್ಚರಿಸಿದ. ಚೆಂದ ನೋಡಿ ಕೊಳ್ಳುವ ವಸ್ತುವಲ್ಲ ಎಂದು ನನಗೂ ಅರ್ಥವಾಯಿತು.

ಅಲ್ಲಿಯತನಕ ಸುಮ್ಮನಿದ್ದ ಮಗಳು ಆಗ ಕೇಳಿದಳು: "ಗುರಿ ತಪ್ಪಿದರೆ ಗುಂಡು ಗೋಡೆಯಲ್ಲಿ ನಿಲ್ಲುತ್ತದೆಯೆ?"

ಅವರ ಮನೆಯ ಒಳಗೋಡೆ ನಮ್ಮ ಕಡೆಯ ಇಟ್ಟಿಗೆ ಗೋಡೆಯಲ್ಲ. ಮರದ ಚೌಕಟ್ಟಿಗೆ ಎರಡೂ ಕಡೆ ಜಿಪ್ಸಮ್ ಹಲಗೆ ಬಡಿದದ್ದು. ಮುದುಕ ಸುಳ್ಳು ಹೇಳಲಿಲ್ಲ. "ನಿಲ್ಲುವುದಿಲ್ಲ. ಮ್ಯಾಗ್ನಮ್ಮೂ ನಿಲ್ಲುವುದಿಲ್ಲ, ಮೂವತ್ತೆಂಟೂ ನಿಲ್ಲುವುದಿಲ್ಲ" ಎಂದ.

ಕಾರಿನ ತಗಡು ತೂರಲೆಂದೇ ಹುಟ್ಟಿದ ಬಲ. 1935ರ ಪೊಲೀಸನಿಗೆ ಅದೇ ವರ. ನಮ್ಮ ಹುಡುಗಿಯ ಮಲಗುವ ಕೋಣೆಯ ಗೋಡೆಯಾಚೆ ಐದು ವರ್ಷದ ಮೊಮ್ಮಗಳ ತೊಟ್ಟಿಲುಮಂಚವಿತ್ತು.

ಅಂದು ಏನೂ ಕೊಳ್ಳದೆ ಬಂದೆವು. ಸಂಜೆ ಅಳಿಯಂದಿರು ಆ ಗೋಡೆಯ ಮುಂದೆ ನಿಂತು ಬೆರಳಿನಿಂದ ಟಕ್ ಟಕ್ ಎಂದು ಬಡಿದು ನೋಡಿದರು. ಖಾಲಿ ಡಬ್ಬಿಯ ಸದ್ದು. ಆಟವೆಂದುಕೊಂಡು ಆಚೆಯಿಂದ ಮೊಮ್ಮಗಳೂ ಟಕ್ ಟಕ್ ಎಂದಳು.

ಮರುದಿನ ಅವರು ಕದಕ್ಕೆ ಗಟ್ಟಿಯಾದ ಚಿಲಕ ಹಾಕಿಸಿದರು, ಅಂಗಳಕ್ಕೆ ದೀಪ ಹಾಕಿಸಿದರು. ರಿವಾಲ್ವರಿನ ಮಾತು ನಾನು ಇದ್ದಷ್ಟು ದಿನ ಮತ್ತೆ ಬರಲಿಲ್ಲ.