ದೇವಗೃಹಗಳ ಪ್ರಯೋಜನಾಂತರ: ಬಳ್ಳಿಗಾವೆ, ಕುಬಟೂರುಗಳ ಸಾಕ್ಷ್ಯ

ಡಬ್ಲಿನ್ ನಗರದ ಮೇರಿ ಬೀದಿಯಲ್ಲಿ ಸೇಂಟ್ ಮೇರಿಯ ಹೆಸರಿನ ಹಳೆಯ ಇಗರ್ಜಿಯೊಂದಿದೆ. ಬಿಯರ್ ತಯಾರಿಕೆಯಿಂದ ಪ್ರಸಿದ್ಧನಾದ ಆರ್ಥರ್ ಗಿನ್ನೆಸ್ಸನ ವಿವಾಹವು 1761ರಲ್ಲಿ ಅಲ್ಲಿಯೇ ನಡೆಯಿತು. ಆರಾಧನೆ ನಿಂತುಹೋದ ಆ ಕಟ್ಟಡ ಈ ಶತಮಾನದ ಆರಂಭದಲ್ಲಿ ಪಾನಗೃಹವಾಯಿತು. ಭಕ್ತರಿಲ್ಲದ ಇಗರ್ಜಿಗಳ ವಿಲೇವಾರಿಗೆಂದು ಇಂಗ್ಲೆಂಡಿನಲ್ಲಿ 1968ರಷ್ಟು ಹಿಂದೆಯೇ ಕ್ರಮವೊಂದು ಏರ್ಪಟ್ಟಿತ್ತು. ಇದನ್ನು ಕೇಳಿದ ನಮ್ಮ ವಿದ್ಯಾರ್ಥಿಗಳು “ನಮ್ಮಲ್ಲಿ ಹೀಗಾಗದು” ಎಂದು ಒಡನೆಯೇ ನುಡಿಯುತ್ತಾರೆ. ಈ ಮಾತಿನ ತಥ್ಯವನ್ನು ಶಿಕಾರಿಪುರ, ಸೊರಬ ತಾಲ್ಲೂಕುಗಳ ಶಾಸನಗಳಿಂದ ಪರೀಕ್ಷಿಸಬಹುದು.

ಮೊದಲು, ದೇವಗೃಹವೆಂಬುದು ಪೂಜೆಗೆ ಮಾತ್ರ ಮೀಸಲಾದ ಸ್ಥಳವೆಂಬ ಭಾವನೆಯನ್ನು ಬಿಡಬೇಕು. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ, ಕಳಚುರಿ ಬಿಜ್ಜಳನ ಕಾಲದ 1162ರ ಶಾಸನವನ್ನು ನೋಡಿರಿ. ನಾಲ್ಕು ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು, ನ್ಯಾಯ, ಮೀಮಾಂಸೆ, ಬೌದ್ಧವೇ ಮೊದಲಾದ ದರ್ಶನಗಳು ಅಲ್ಲಿ ವ್ಯಾಖ್ಯಾನಗೊಳ್ಳುತ್ತಿದ್ದುವು. ದೀನರಿಗೂ ಅನಾಥರಿಗೂ ಅನ್ನ, ರೋಗಿಗಳಿಗೆ ಔಷಧ. ಕಾಳಾಮುಖ ಶೈವರ ಮಠದಲ್ಲಿ ಜೈನ ವೈಯಾಕರಣನ ಗ್ರಂಥ ಪಾಠವಾಗುತ್ತಿತ್ತು. ಕ್ಷಪಣಕರೂ ಅಲ್ಲಿ ಉಣ್ಣುತ್ತಿದ್ದರು. ಮಧ್ಯಯುಗದ ಇಂಗ್ಲೆಂಡಿನಲ್ಲಿಯೂ ಊರ ಇಗರ್ಜಿಯ ಖರ್ಚಿಗಾಗಿ ಬಿಯರು ಮಾರುವ ಉತ್ಸವಗಳು ನಡೆಯುತ್ತಿದ್ದುವು. ಆ ದೃಷ್ಟಿಯಿಂದ ಡಬ್ಲಿನ್ನಿನ ಪಾನಗೃಹ ಅಷ್ಟೇನೂ ವಿಚಿತ್ರವಲ್ಲ.

ಇನ್ನು ಅಳಿದುಹೋದವುಗಳ ವಿಚಾರ. 1065ರಲ್ಲಿ ರೂಪಭಟ್ಟಯ್ಯ ದಂಡನಾಯಕನು ಇಲ್ಲಿ ಬೌದ್ಧವಿಹಾರವೊಂದಕ್ಕೆ ದತ್ತಿ ಬಿಟ್ಟನು. ಮೂರೇ ವರ್ಷಗಳಲ್ಲಿ, ‘ಸುಕುಮಾರಚರಿತೆ’ಯ ಕವಿ ಶಾಂತಿನಾಥನ ಪ್ರೇರಣೆಯಿಂದ, ಮರದ ಶಾಂತಿನಾಥ ಬಸದಿಯು ಕಲ್ಲಿನದಾಯಿತು. ಇಂದು ಆ ವಿಹಾರವೂ ಇಲ್ಲ, ಆ ಬಸದಿಯೂ ಇಲ್ಲ. ಕೇದಾರೇಶ್ವರ ದೇವಾಲಯ ನಿಂತಿದೆ; ಅನ್ನ, ಔಷಧಗಳ ಮಠ ಮಾತ್ರ ಕಲ್ಲಿನ ಮೇಲಿನ ಅಕ್ಷರಗಳಲ್ಲಿ ಉಳಿದಿದೆ. ಇದಕ್ಕೆಲ್ಲ ಮತದ್ವೇಷವೊಂದನ್ನೇ ಕಾರಣವಾಗಿ ಹೇಳುವವರುಂಟು. ಹಾಗಿದ್ದರೆ ಪಕ್ಷಪಾತಕ್ಕೆ ಪಾತ್ರವಾಗಿದ್ದ ಶೈವಮಠವಾದರೂ ಉಳಿಯಬೇಕಾಗಿತ್ತಲ್ಲವೆ?

ಸೊರಬ ತಾಲ್ಲೂಕಿನ ಕುಬಟೂರು ಹೇಳುವ ಕಥೆಯೂ ಬೇರೆ. 1077ರಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿಯು ಪಾರ್ಶ್ವದೇವ ಚೈತ್ಯಾಲಯವನ್ನು ಪ್ರತಿಷ್ಠೆ ಮಾಡಿಸಿದಾಗ, ಅಗ್ರಹಾರದ ಬ್ರಾಹ್ಮಣರನ್ನು ಸತ್ಕರಿಸಿ, ಅವರಿಂದಲೇ ಅದಕ್ಕೆ ‘ಬ್ರಹ್ಮಜಿನಾಲಯ’ವೆಂದು ಹೆಸರಿಡಿಸಿದಳು. ರಾಣಿಯ ಜಾಣತನ ಮೆಚ್ಚತಕ್ಕದ್ದು. ಅದೇ ಊರಿನಲ್ಲಿ ಶಾಸನಗಳು ಕೋಟಿನಾಥನೆಂದು ಕರೆಯುವ ದೇವರು ಇಂದು ಕೈಟಭೇಶ್ವರ. ಹೆಸರು ಬದಲಾದರೂ ಗುಡಿ ಗುಡಿಯಾಗಿಯೇ ಇದೆ.

ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆಗೆ ಉತ್ತರವಿರುವುದು ಭಕ್ತಿಯಲ್ಲಿ ಅಲ್ಲ, ಊರಿನಲ್ಲಿ. ಡಬ್ಲಿನ್ನಿನಲ್ಲಿ ಆರಾಧಕರು ಕರಗಿದರೂ ನಗರ ಬೆಳೆಯಿತು. ಬರಿದಾದ ಮಾಡಿನ ಕೆಳಗೆ ಬಂದು ಕೂರಲು ಜನರಿದ್ದರು. ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿದ್ದ ಬಳ್ಳಿಗಾವೆಯಾದರೋ ಹಳ್ಳಿಯಾಗಿ ಕುಗ್ಗಿತು. ಶೆಟ್ಟಿಗಳೂ ದಂಡನಾಯಕರೂ ಹೋದ ಮೇಲೆ, ಖಾಲಿ ಬಸದಿಯನ್ನು ಛತ್ರವಾಗಿಯೋ ಅಂಗಡಿಯಾಗಿಯೋ ಮಾಡಿಕೊಳ್ಳುವ ಅಗತ್ಯವೇ ಯಾರಿಗಿತ್ತು? “ಚಂದ್ರಾರ್ಕರಿರುವವರೆಗೆ” ಎಂದು ಬರೆಸಿದ ದತ್ತಿಯ ಗದ್ದೆಗಳು ಕೈತಪ್ಪಿದೊಡನೆ ದೀಪವೂ ಅಡಿಗೆಯ ಒಲೆಯೂ ಆರಿರಬೇಕು.

ಆದುದರಿಂದ ಈ ಶಾಸನಗಳನ್ನು ರೈಸ್ ಅವರು 1902 ಮತ್ತು 1904ರಲ್ಲಿ ಪ್ರಕಟಿಸಿದ ಸಂಪುಟಗಳಲ್ಲಿ ಓದುವ ವಿದ್ಯಾರ್ಥಿಗಳು, ರಾಜಪ್ರಶಸ್ತಿಯ ಪದ್ಯಗಳಲ್ಲಿಯೇ ನಿಲ್ಲದೆ, ಬೇಸರದಿಂದ ಬಿಟ್ಟುಬಿಡುವ ಕೊನೆಯ ಸಾಲುಗಳಿಗೆ ಇಳಿಯಬೇಕು. ಎಷ್ಟು ಮತ್ತರು ಗದ್ದೆ, ಯಾವ ಕೆರೆಯ ಕೆಳಗೆ, ಯಾವ ಸುಂಕದಿಂದ ಎಷ್ಟು ಎಂಬ ಲೆಕ್ಕವೆಲ್ಲ ಇರುವುದು ಅಲ್ಲಿ.