ಬಿದ್ದವನ ಹೆಸರಿನ ಮುಂದೆ ಬರೆದದ್ದು

ಕಟ್ಟಡಗಳ ಇತಿಹಾಸವನ್ನು ನಾವು ಕಟ್ಟಿಸಿದವರ ಹೆಸರಿನಲ್ಲಿ ಓದುತ್ತೇವೆ. ಕಟ್ಟುವಾಗ ಬಿದ್ದವರ ಇತಿಹಾಸವನ್ನು ಹುಡುಕಬೇಕಾದದ್ದು ಇನ್ನೊಂದು ಪುಸ್ತಕದಲ್ಲಿ, ಅಪಘಾತಗಳ ರಿಜಿಸ್ಟರಿನಲ್ಲಿ. ಈಗ ದೊಡ್ಡ ಕಾಮಗಾರಿಗಳಲ್ಲಿ ಈ ರಿಜಿಸ್ಟರು ಕಂಪ್ಯೂಟರಿನ ಪರದೆಗೆ ಬಂದಿದೆ. ತಾರೀಖು, ಸ್ಥಳ, ಗಾಯದ ಬಗೆ, ಎಲ್ಲಕ್ಕೂ ಒಂದೊಂದು ಚೌಕ. ತುಂಬಿ ಗುಂಡಿ ಒತ್ತಿದರೆ ಕೆಲಸ ಮುಗಿಯಿತು. ಆದರೆ ಸಾರುವೆಯಿಂದ ಬಿದ್ದು 'ಗಾಯಾಳು' ಎಂದು ದಾಖಲಾದ ಕೂಲಿಯವನು ಇಪ್ಪತ್ತು ದಿನಗಳ ನಂತರ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದರೆ ಆ ಸಾಲನ್ನು ತಿದ್ದುವವರು ಯಾರು? ಈ ಪ್ರಶ್ನೆ ಕಂಪ್ಯೂಟರಿಗಿಂತ ಬಹಳ ಹಳೆಯದು.

ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವೆ ವುಡ್‌ಹೆಡ್ ಎಂಬ ರೈಲು ಸುರಂಗವಿದೆ. ಮೂರು ಮೈಲಿ ಉದ್ದದ ಆ ಸುರಂಗ 1845ರಲ್ಲಿ ಮುಗಿಯಿತು. ಅಲ್ಲಿ ಸತ್ತವರ, ಗಾಯಗೊಂಡವರ ಲೆಕ್ಕ ಹೊರಬಂದದ್ದು ಗಾಯಾಳುಗಳಿಗೆ ಚಿಕಿತ್ಸೆ ನೀಡುತ್ತಿದ್ದ ಹೆನ್ರಿ ಪಾಮ್‌ಫ್ರೆಟ್ ಎಂಬ ವೈದ್ಯನಿಂದ. 32 ಸಾವು, ಎಲುಬು ಚರ್ಮ ಸೀಳಿ ಹೊರಬಂದ 23 ಪ್ರಕರಣ, ಸಾಮಾನ್ಯ ಮೂಳೆಮುರಿತ 74. ಸಮಾಜ ಸುಧಾರಕ ಎಡ್ವಿನ್ ಚಾಡ್ವಿಕ್ ಇದನ್ನು ಕೆಲಸಗಾರರ ಒಟ್ಟು ಸಂಖ್ಯೆಗೆ ಹೋಲಿಸಿ, ವಾಟರ್ಲೂ ಯುದ್ಧದಲ್ಲಿ ಸತ್ತ ಬ್ರಿಟಿಷ್ ಸೈನಿಕರ ಪ್ರಮಾಣಕ್ಕಿಂತ ಇದೇ ಹೆಚ್ಚು ಎಂದು ತೋರಿಸಿದ. 1846ರಲ್ಲಿ ಪಾರ್ಲಿಮೆಂಟಿನ ಸಮಿತಿ ಕೂತು, ಅಪಘಾತಕ್ಕೆ ಕಂಪನಿಗಳೇ ಹೊಣೆಯಾಗಬೇಕೆಂದಿತು. ಆ ಶಿಫಾರಸು ಕಾನೂನಾಗಲಿಲ್ಲ. ಆದರೂ ಆ ಸುರಂಗದ ಬಗ್ಗೆ ನಾವು ಇವತ್ತು ಮಾತಾಡುತ್ತಿರುವುದು ಒಬ್ಬ ವೈದ್ಯ ಲೆಕ್ಕ ಇಟ್ಟದ್ದರಿಂದ.

ನಮ್ಮ ದೇಶದಲ್ಲಿ ಅಂಥ ವೈದ್ಯನೂ ಸಿಗಲಿಲ್ಲ. ಮುಂಬಯಿ-ಪುಣೆ ನಡುವಿನ ಭೋರ್ ಘಾಟಿನ ರೈಲುದಾರಿ 1856ರಿಂದ 1863ರವರೆಗೆ ನಡೆದ ಕೆಲಸ. ಹೆಚ್ಚು ಜನರಿದ್ದಾಗ 40 ಸಾವಿರಕ್ಕೂ ಮೀರಿ ಕೂಲಿಗಳಿದ್ದರು. ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಭಾರತಕ್ಕೆ ಬಂದ ಕೆಲವೇ ವಾರಗಳಲ್ಲಿ ತೀರಿಕೊಂಡ. ಹೆಂಡತಿ ಆಲಿಸ್ ಗುತ್ತಿಗೆ ವಹಿಸಿಕೊಂಡು ಕೆಲಸ ಮುಗಿಸಿದಳು. ಈ ದಂಪತಿಯ ಹೆಸರು ಇತಿಹಾಸದಲ್ಲಿದೆ. ಅದೇ ಘಾಟಿನಲ್ಲಿ ಕಾಲರಾದಿಂದ, ಸಿಡಿಮದ್ದಿನಿಂದ, ಪ್ರಪಾತಕ್ಕೆ ಬಿದ್ದು ಸತ್ತ ಕೂಲಿಗಳನ್ನು ಇತಿಹಾಸಕಾರರು ಸಾವಿರಗಳಲ್ಲಿ ಅಂದಾಜು ಮಾಡುತ್ತಾರೆ. ಹೆಸರಿಲ್ಲದ ಕಡೆ ಅಂದಾಜೇ ಗತಿ.

ಇನ್ನು ಹೆಸರು ದಾಖಲಾಗಿಯೂ ಲೆಕ್ಕ ತಪ್ಪಿದ ಕಥೆ ಅಮೆರಿಕದ ಹೂವರ್ ಅಣೆಕಟ್ಟಿನದು. 1931ರಿಂದ 1935ರವರೆಗೆ ನಡೆದ ಆ ಕಾಮಗಾರಿಯಲ್ಲಿ ಸತ್ತವರು 96 ಎಂಬುದು ಅಧಿಕೃತ ಸಂಖ್ಯೆ. ಸುರಂಗದೊಳಗೆ ಪೆಟ್ರೋಲ್ ಲಾರಿಗಳು ಓಡಾಡಿ ವಿಷದ ಹೊಗೆ ತುಂಬುತ್ತಿತ್ತು. ಆ ವರ್ಷಗಳಲ್ಲಿ ನ್ಯುಮೋನಿಯಾದಿಂದ ಸತ್ತರೆಂದು ಬರೆದ ಕೆಲಸಗಾರರು ನಿಜವಾಗಿ ಆ ಹೊಗೆಗೆ ಬಲಿಯಾದವರು ಎಂಬುದು ಸಂಗಾತಿಗಳ ದೂರಾಗಿತ್ತು. ನ್ಯುಮೋನಿಯಾ ಎಂದರೆ ಅದು ಕಾಯಿಲೆ. ಅಪಘಾತದ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಕೆಲವರು ಕೋರ್ಟಿಗೆ ಹೋದರು, ಕೊನೆಗೆ ಕಂಪನಿ ರಾಜಿ ಮಾಡಿಕೊಂಡಿತು. 96 ಮಾತ್ರ 96 ಆಗಿಯೇ ಉಳಿಯಿತು.

ಇಂಥ ಅನುಭವಗಳ ನಂತರವೇ ಕಾನೂನು ಒಂದು ಪಾಠ ಕಲಿತದ್ದು. ಅಪಘಾತ ಒಂದು ಕ್ಷಣದಲ್ಲಿ ನಡೆದರೂ ಅದರ ಫಲ ಒಂದು ಕ್ಷಣದಲ್ಲಿ ತಿಳಿಯುವುದಿಲ್ಲ. 1970ರ ಸುರಕ್ಷತಾ ಕಾಯ್ದೆಯಡಿ ಅಮೆರಿಕದಲ್ಲಿ ಬಂದ ನಿಯಮದಂತೆ ಮಾಲೀಕನು ಗಾಯದ ವಿವರವನ್ನು ಏಳು ದಿನದೊಳಗೆ ಬರೆಯಬೇಕು. ಪುಸ್ತಕವನ್ನು ಐದು ವರ್ಷ ಇಟ್ಟುಕೊಳ್ಳಬೇಕು. ಆ ಐದು ವರ್ಷದಲ್ಲಿ ಗಾಯಾಳುವಿನ ಸ್ಥಿತಿ ಬದಲಾದರೆ ಹಳೆಯ ಸಾಲನ್ನು ಹೊಡೆದು ಹೊಸದನ್ನು ಬರೆಯಬೇಕು. ಬ್ರಿಟನ್ನಿನಲ್ಲಿ ಅಪಘಾತವಾಗಿ ಒಂದು ವರ್ಷದೊಳಗೆ ಸತ್ತರೂ ತಿಳಿಸಲೇಬೇಕು. ಭಾರತದಲ್ಲಿ 1996ರ ಕಟ್ಟಡ ಕಾರ್ಮಿಕರ ಕಾಯ್ದೆ, ಸಾವು ಅಥವಾ 48 ಗಂಟೆ ಕೆಲಸಕ್ಕೆ ಬಾರದಂಥ ಗಾಯವಾದರೆ ಸರಕಾರಕ್ಕೆ ತಿಳಿಸಬೇಕೆಂದಿತು. ಗಾಯಾಳು ಆಮೇಲೆ ತೀರಿಕೊಂಡರೆ ಮತ್ತೊಮ್ಮೆ ಬರೆದು ತಿಳಿಸಬೇಕೆಂದು 1998ರ ನಿಯಮಗಳು ಹೇಳಿದವು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. 48 ಗಂಟೆಯ ಗೆರೆ ಅದರಲ್ಲೂ ಇದೆ.

ಇನ್ನು ಪರದೆಯ ಮಾತು. ಅಮೆರಿಕದಲ್ಲಿ 2017ರಿಂದ ಅನೇಕ ಸಂಸ್ಥೆಗಳು ವರ್ಷದ ಸಾರಾಂಶವನ್ನು ಇಂಟರ್‌ನೆಟ್ಟಿನ ಮೂಲಕ ಸರಕಾರಕ್ಕೆ ಕಳಿಸುತ್ತಿವೆ. ಇಲ್ಲೊಂದು ಸಣ್ಣ ಷರತ್ತಿದೆ. ಕೆಲಸದ ಜಾಗದ ಪುಸ್ತಕವನ್ನು ತಿದ್ದುವುದು ಕಡ್ಡಾಯ, ಆದರೆ ವರ್ಷದ ಸಾರಾಂಶವನ್ನು ತಿದ್ದುವುದು ಮಾಲೀಕನ ಇಷ್ಟ. ಎಂದರೆ ಒಬ್ಬನೇ ಮನುಷ್ಯ ಒಂದು ಕಡೆ ಸತ್ತವನಾಗಿ, ಇನ್ನೊಂದು ಕಡೆ ಗಾಯಾಳುವಾಗಿ ಉಳಿಯಲು ಸಾಧ್ಯ. ಯಂತ್ರ ಇದನ್ನು ಕೇಳುವುದಿಲ್ಲ; ಕೇಳು ಎಂದು ಯಾರಾದರೂ ಅದಕ್ಕೆ ಹೇಳಿರಬೇಕು. ಕಾಗದದಲ್ಲಿ ಹೊಡೆದ ಗೆರೆಯ ಕೆಳಗೆ ಹಳೆಯ ಅಕ್ಷರ ಕಾಣುತ್ತದೆ. ಪರದೆಯಲ್ಲಿ ಹಳೆಯದನ್ನು ಅಳಿಸಿದರೆ ಗುರುತೂ ಉಳಿಯದಂತೆ ಮಾಡಬಹುದು. ಯಾರು, ಯಾವಾಗ, ಏನನ್ನು ತಿದ್ದಿದರು ಎಂಬುದನ್ನು ಕಾಪಾಡುವ ಹಾಗೂ ಮಾಡಬಹುದು. ಎರಡೂ ತಂತ್ರಾಂಶವೇ. ಯಾವುದು ಬೇಕೆಂದು ತೀರ್ಮಾನಿಸುವುದು ಹಣ ಕೊಟ್ಟು ಅದನ್ನು ಮಾಡಿಸುವವರು.

ಇದು ದೂರದ ವಿಷಯವಲ್ಲ. ನಮ್ಮ ಕರಾವಳಿಯ ಮನೆಗಳಿಂದ ಎಷ್ಟೋ ಜನ ಕೊಲ್ಲಿಗೆ ಹೋಗಿ ದುಡಿಯುತ್ತಾರೆ. 2022ರ ವಿಶ್ವಕಪ್ಪಿಗೆ ಕತಾರಿನಲ್ಲಿ ಕ್ರೀಡಾಂಗಣ ಕಟ್ಟುವಾಗ ಕೆಲಸದ ಕಾರಣಕ್ಕೆ ಸತ್ತವರು 3, ಬೇರೆ ಕಾರಣಕ್ಕೆ 37 ಎಂದು ಸಂಘಟನಾ ಸಮಿತಿ ಹೇಳಿತ್ತು. ಅದೇ ಸಮಿತಿಯ ಮುಖ್ಯಸ್ಥರು 2022ರ ನವೆಂಬರಿನಲ್ಲಿ, ಪಂದ್ಯಾವಳಿಗೆ ಸಂಬಂಧಿಸಿದ ಕೆಲಸಗಳಲ್ಲೆಲ್ಲ ಸತ್ತವರು 400ರಿಂದ 500 ಎಂದರು. ಯಾವ ಚೌಕದಲ್ಲಿ ಬರೆದರು ಎಂಬುದರ ಮೇಲೆ ಸಂಖ್ಯೆ ನಿಂತಿತು. 'ಸಹಜ ಸಾವು' ಎಂಬ ಎರಡು ಪದ, ಹೂವರಿನ ನ್ಯುಮೋನಿಯಾದ ಹಾಗೆ, ಕೆಲಸವನ್ನೂ ಸಾವನ್ನೂ ಬೇರೆ ಬೇರೆ ಮಾಡಿಬಿಡುತ್ತದೆ.

ಊರಿನಲ್ಲಿರುವ ಹೆಂಡತಿ ಮಕ್ಕಳಿಗೆ ಇದು ಬರೀ ಅಂಕಿಸಂಖ್ಯೆಯಲ್ಲ. ಪರಿಹಾರದ ಕಾನೂನು ನಮ್ಮಲ್ಲಿ 1923ರಿಂದಲೇ ಇದೆ. ಆದರೆ ಸಾವು ಕೆಲಸದಿಂದಲೇ ಬಂತು ಎಂದು ತೋರಿಸಬೇಕಾದಾಗ ಅವರ ಕೈಗೆ ಸಿಗಬೇಕಾದ ಮೊದಲ ಕಾಗದ ಆ ಒಂದು ಸಾಲು. 'ದಾಖಲೆ', 'ಹಾಜರಿ', 'ವಾರಸುದಾರ' ಎಂಬ ಮೂರೂ ಮಾತು ಅರಬ್ಬಿ, ಪಾರಸಿ ಮೂಲಗಳಿಂದ ಹುಟ್ಟಿ, ಕಚೇರಿಗಳ ಮೂಲಕ ಕನ್ನಡಕ್ಕೆ ಬಂದು ನಮ್ಮವೇ ಆಗಿವೆ. ಹಾಜರಿ ಇಲ್ಲದವನಿಗೆ ದಾಖಲೆಯಿಲ್ಲ, ದಾಖಲೆ ಇಲ್ಲದಿದ್ದರೆ ವಾರಸುದಾರನ ಕೈ ಖಾಲಿ. ಮೇಸ್ತ್ರಿ ಕರೆತಂದು ಪಟ್ಟಿಯಲ್ಲಿ ಬರೆಸದೇ ಬಿಟ್ಟ ಕೂಲಿಯವನಿಗೆ ಯಾವ ತಂತ್ರಾಂಶದಲ್ಲೂ ಸಾಲು ಇರುವುದಿಲ್ಲ.

ಆದ್ದರಿಂದ ಪರದೆ ಬಂದದ್ದನ್ನು ಸ್ವಾಗತಿಸುತ್ತಲೇ ನಾವು ಮೂರು ಮಾತು ಕೇಳಬೇಕು. ಕೆಲಸಕ್ಕೆ ಇಳಿದ ಪ್ರತಿಯೊಬ್ಬನ ಹೆಸರೂ ಮೊದಲ ದಿನವೇ ಅದರಲ್ಲಿರಲಿ. ಗಾಯಾಳುವಿನ ಸಾಲು ಅವನು ಗುಣವಾಗಿ ಮರಳುವ ತನಕ ತೆರೆದಿರಲಿ. ತಿದ್ದಿದ್ದೆಲ್ಲ ಉಳಿಯಲಿ, ಮತ್ತು ಅದರ ಪ್ರತಿ ಅವನ ಮನೆಯವರಿಗೆ ಕೇಳಿದ ಕೂಡಲೇ ಸಿಗಲಿ.