ಚಮ್ಮಾವುಗೆಯ ಜೋಡಿ

ಸಂಸ್ಕೃತದಲ್ಲಿ ಪಾದರಕ್ಷೆಗೆ ‘ಉಪಾನಹ್’ ಎಂಬ ಶಬ್ದವುಂಟು. ಒಂದೇ ಕೆರವನ್ನು ಮೆಟ್ಟಿ ಯಾರೂ ನಡೆಯರಾದ್ದರಿಂದ ಅದು ಹೆಚ್ಚಾಗಿ ‘ಉಪಾನಹೌ’ ಎಂದು ದ್ವಿವಚನದಲ್ಲಿಯೇ ಬರುವದು. ಕನ್ನಡಕ್ಕೆ ದ್ವಿವಚನವಿಲ್ಲ, ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಕಡೆಯ ಜನರು ಪಾದರಕ್ಷೆಯನ್ನು ‘ಜೋಡು’ ಎಂದು ಕರೆದು ಆ ಕೊರತೆಯನ್ನು ತುಂಬಿಕೊಂಡಿರುವರು. ಜೋಡು ಎಂದರೆ ಎರಡರ ಕೂಟ. ಜೊತೆಗಾರನೆಂಬ ಅರ್ಥವೂ ಅದಕ್ಕುಂಟು. ಈ ಎರಡನೆಯ ಅರ್ಥವು ಪಾದರಕ್ಷೆಯ ಚರಿತ್ರೆಗೆ ಎಷ್ಟರ ಮಟ್ಟಿಗೆ ಸಲ್ಲುವದೆಂಬುದನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶ.

ನಮ್ಮ ಸೀಮೆಯ ಬಾಗೇವಾಡಿಯು ಬಸವಣ್ಣನವರ ಊರು. ಅರ್ಜುನವಾಡದ ಇ. ಸ. 1260ರ ಶಾಸನವು ತರ್ದವಾಡಿ ನಾಡಿನ ಬಾಗೇವಾಡಿಯನ್ನೂ ಮಾದಿರಾಜನ ಮಗನಾದ ಬಸವರಾಜನನ್ನೂ ಹೆಸರಿಸುವದು. ಆ ಮಹಾಪುರುಷರು ಕಲ್ಯಾಣದಲ್ಲಿ ಬಿಜ್ಜಳನ ಮಂತ್ರಿಗಳಾಗಿದ್ದಾಗಿನ ಚಮ್ಮಾವುಗೆಯ ಕಥೆಯನ್ನು ಕೇಳದ ಮನೆ ಈ ಭಾಗದಲ್ಲಿ ವಿರಳ. ಹಾವುಗೆ ಎಂಬುದು ಪಾದುಕಾ ಶಬ್ದದ ತದ್ಭವ; ಚರ್ಮದ ಹಾವುಗೆಯೇ ಚಮ್ಮಾವುಗೆ.

ಸಮಗಾರ ಹರಳಯ್ಯನು ಒಮ್ಮೆ ಬಸವಣ್ಣನವರನ್ನು ಕಂಡು ‘ಶರಣು’ ಎಂದನು. ಅವರು ‘ಶರಣು ಶರಣಾರ್ಥಿ’ ಎಂದು ಮರುನುಡಿದರು. ಒಂದಕ್ಕೆ ಎರಡಾಗಿ ಬಂದ ಆ ವಂದನೆಯು ಹರಳಯ್ಯನಿಗೆ ತೀರಿಸಲಾಗದ ಸಾಲವಾಗಿ ಕಂಡಿತು. ಮನೆಗೆ ಬಂದು ಮಡದಿ ಕಲ್ಯಾಣಮ್ಮನಿಗೆ ಹೇಳಿದನು. ಇಬ್ಬರೂ ತಮ್ಮ ತಮ್ಮ ತೊಡೆಯ ಚರ್ಮವನ್ನು ತೆಗೆದು, ಹದಮಾಡಿ, ಚಮ್ಮಾವುಗೆಯನ್ನು ಹೊಲಿದು ಸಿಂಗರಿಸಿ ತಂದರೆಂಬುದು ಪರಂಪರೆಯ ಮಾತು. ಬಸವಣ್ಣನವರು ಅದನ್ನು ಮೆಟ್ಟಲಿಲ್ಲ. ತಲೆಯ ಮೇಲೆ ಇರಿಸಿಕೊಂಡರು. ರಾಮಾಯಣದಲ್ಲಿ ಭರತನು ಹೊತ್ತದ್ದು ಅಣ್ಣನ, ಚಿನ್ನದಿಂದ ಅಲಂಕೃತವಾದ ಪಾದುಕೆಗಳು. ಇಲ್ಲಿ ಮಂತ್ರಿಯೊಬ್ಬನು ಸಮಗಾರ ದಂಪತಿಗಳ ಕೈಕೆಲಸವನ್ನು ಹೊತ್ತನು.

ಕಥೆಯ ಮುಂದಿನ ಭಾಗವು ರಕ್ತದಲ್ಲಿ ತೋಯ್ದಿರುವದು. ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿ ಶರಣನಾದ ಮಧುವರಸನ ಮಗಳಿಗೂ ವಿವಾಹವಾಯಿತು. ವರ್ಣಸಂಕರವಾಯಿತೆಂಬ ದೂರನ್ನು ಕೇಳಿ ಬಿಜ್ಜಳನು ತಂದೆಗಳಿಬ್ಬರನ್ನೂ ದಂಡಿಸಿದನು. ಕಣ್ಣು ಕೀಳಿಸಿದನೆಂದು ಕೆಲವರು, ಎಳೆಹೂಟೆ ಕಟ್ಟಿಸಿದನೆಂದು ಕೆಲವರು ಹೇಳುವರು. 1167ರ ಸುಮಾರಿಗೆ ಕಲ್ಯಾಣದಲ್ಲಿ ಕ್ಷೋಭೆಯೆದ್ದು ಬಿಜ್ಜಳನ ಆಳಿಕೆಯು ಮುಗಿಯಿತು.

ಇನ್ನು ಕಸುಬಿನ ವಿಚಾರ. ಢೋರರು ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳ ಒಗರಿನಲ್ಲಿ ತೊಗಲನ್ನು ಹದಗೊಳಿಸುವರು. ಡೋಹರ ಕಕ್ಕಯ್ಯನು ಈ ಕಾಯಕದ ಶರಣನು. ಸಮಗಾರನು ರಂಪಿಗೆಯಿಂದ ಅಟ್ಟೆಯನ್ನು ಕೊಯ್ದು, ಎರಡು ಪದರಗಳ ನಡುವೆ ಕಿವಿಗಳನ್ನು ಸೇರಿಸಿ, ಒಂದು ಮೊಳೆಯನ್ನೂ ಬಡಿಯದೆ ತೊಗಲಿನ ಎಳೆಯಿಂದಲೇ ಹೊಲಿಯುವನು. ಇಷ್ಟಾದರೆ ಜೋಡು ನಡೆಯಲು ಬರುವದು. ಆದರೆ ಸಾದಾ ಆಗಿರುವದು. ಬಳಿಕ ತೆಳ್ಳನೆಯ ಎಳೆಗಳನ್ನು ಜಡೆಯಂತೆ ಹೆಣೆದು ಪಟ್ಟಿಯ ಮೇಲೆ ಕೂಡಿಸುವದು, ತೂತುಗಳಿಂದ ಹೂವು ಮೂಡಿಸುವದು, ಗೊಂಡೆ ಕಟ್ಟುವದು. ಈ ಸಿಂಗಾರದ ಬಹುಭಾಗವು ಮನೆಯ ಹೆಂಗಸರ ಕೈಯಿಂದ ಆಗುವದು. ಸಂತೆಯಲ್ಲಿ ಗಿರಾಕಿಯ ಕಣ್ಣು ಮೊದಲು ಬೀಳುವದು ಈ ಕೆಲಸದ ಮೇಲೆಯೇ. ಹೆಸರು ಮಾತ್ರ ಹೊಲಿದವನಿಗೆ.

ಇದನ್ನು ನಾನು ಕಣ್ಣಾರೆ ಕಂಡಿರುವೆನು. ಬಾಲ್ಯದಲ್ಲಿ ಸಮಗಾರ ಮನೆತನದ ಗೆಳೆಯನೊಬ್ಬನಿದ್ದನು. ಜಾತ್ರೆ ಹತ್ತಿರವಾದಾಗ ಅವರ ಕಟ್ಟೆಯ ಮೇಲೆ ಕುಳಿತು ಇಬ್ಬರೂ ಸಾದಾ ಜೋಡುಗಳಿಗೆ ಗೊಂಡೆ ಕಟ್ಟುತ್ತಿದ್ದೆವು. ಅವನು ಎಳೆ ಹಿಡಿದರೆ ನಾನು ಗಂಟು ಬಿಗಿಯುವದು; ಅವನ ತಾಯಿ ನಕ್ಕು, ನನ್ನ ಗಂಟನ್ನು ಬಿಚ್ಚಿ ಮತ್ತೊಮ್ಮೆ ಕಟ್ಟುವದು. ಸುದ್ದಿ ನಾನು ಓದುತ್ತಿದ್ದ ಪಾಠಶಾಲೆಗೆ ಮುಟ್ಟಿ, ನನಗೆ ತಣ್ಣೀರ ಸ್ನಾನವೂ ಮೂರು ದಿನ ಪಂಕ್ತಿಯ ಹೊರಗಿನ ಊಟವೂ ವಿಧಿಸಲ್ಪಟ್ಟವು. ಆ ಮೂರು ದಿನಗಳ ಬಳಿಕ ಯಾರೂ ನನ್ನನ್ನು ತಡೆಯಲಿಲ್ಲ. ಆದರೂ ನಾನು ಆ ಕಟ್ಟೆಗೆ ಮತ್ತೆ ಹೋಗಲಿಲ್ಲ. ‘ಉಪಾನಹೌ’ ಎಂಬ ರೂಪವನ್ನು ಎಷ್ಟೋ ವರ್ಷ ಮಕ್ಕಳಿಗೆ ಕಲಿಸಿದೆನು. ಹಾಗೆ ಕಲಿಸುವಾಗಲೆಲ್ಲ ಆ ಗೆಳೆಯನ ನೆನಪಾಗುತ್ತಿತ್ತು.

2019ರಲ್ಲಿ ‘ಕೊಲ್ಹಾಪುರಿ ಚಪ್ಪಲಿ’ಗೆ ದೊರೆತ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿರುವವು. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನ್ ನಗರದಲ್ಲಿ ಇಂಥದೇ ಪಾದರಕ್ಷೆಗಳನ್ನು ಮೂಲವನ್ನು ಹೇಳದೆ ಪ್ರದರ್ಶಿಸಿತು. ಆಕ್ಷೇಪಣೆಗಳೆದ್ದ ಮೇಲೆ ಅವು ಭಾರತೀಯ ಕುಶಲಕರ್ಮದಿಂದ ಪ್ರೇರಿತವಾದವೆಂದು ಒಪ್ಪಿಕೊಂಡಿತು. ಆಕ್ಷೇಪಿಸಿದ್ದು ಯುಕ್ತವೇ. ಆದರೆ ನಮ್ಮ ಹೊಸ್ತಿಲ ಹೊರಗೆ ಬಿಟ್ಟ ಜೋಡನ್ನು ಯಾರು ಹೊಲಿದರು, ಯಾರು ಸಿಂಗರಿಸಿದರು ಎಂದು ನಾವೆಷ್ಟು ಜನ ಕೇಳಿರುವೆವು?

ನಮ್ಮ ಹಿರಿಯರು ಕಥೆಯಲ್ಲಿ ಕಲ್ಯಾಣಮ್ಮನ ಹೆಸರನ್ನು ಬಹುಕಾಲದಿಂದ ಉಳಿಸಿಕೊಂಡು ಬಂದಿರುವರು. ಚಮ್ಮಾವುಗೆಯ ಕಥೆಯನ್ನು ಮಕ್ಕಳಿಗೆ ಹೇಳುವವರು ಹರಳಯ್ಯನೊಬ್ಬನನ್ನೇ ಹೇಳಿ ಮುಗಿಸದೆ ಆ ಎರಡು ಹೆಸರುಗಳನ್ನೂ ಕೂಡಿಯೇ ಹೇಳಬೇಕೆಂದು ವಿಜ್ಞಾಪಿಸುವೆನು.